ಸರ್ಜ್ ಟ್ಯಾಂಕ್ ಕೂಡಿಸುವ ಮುನ್ನ

ಕಾರಿನ ಎಂಜಿನ್ನಿನ ಬಲ ಹೆಚ್ಚಿಸಿ ರೇಸಿಂಗ್ ಟ್ರ್ಯಾಕಿಗೆ ಇಳಿಸುವ ಹಂಬಲವುಳ್ಳ ಮೈಂದರ್ಗಿ, ಅಕ್ಕಲಕೋಟೆ ಕಡೆಯ ಓದುಗರು ಸರ್ಜ್ ಟ್ಯಾಂಕಿನ ವಿಷಯದಲ್ಲಿ ಅವಸರಪಡದಿರುವುದು ಒಳಿತು. ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಪಂಪು ಗಾಳಿ ಹೀರಿದರೆ, ಎಂಜಿನ್ನಿಗೆ ಇಂಧನ ಕಡಿಮೆಯಾಗಿ ಪಿಸ್ಟನ್ ಸುಡುವ ಅಪಾಯವಿರುವುದರಿಂದ, ಮುಖ್ಯ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಸದಾ ತುಂಬಿರುವಂತೆ ಅಳವಡಿಸುವ ಒಂದೆರಡು ಲೀಟರಿನ ಚಿಕ್ಕ ಪಾತ್ರೆಯೇ ಸರ್ಜ್ ಟ್ಯಾಂಕು.

ಇದನ್ನು ಜೋಡಿಸುವಾಗ ಅನೇಕರು ಎಡವುವುದು ಇಂಧನ ಹಿಂತಿರುಗುವ ಕೊಳವೆಯಲ್ಲಿ. ಎಂಜಿನ್ ಬಳಸದೆ ಉಳಿಸಿದ ಪೆಟ್ರೋಲನ್ನು ಮುಖ್ಯ ಟ್ಯಾಂಕಿಗೆ ಕಳಿಸಿದರೆ, ಸರ್ಜ್ ಟ್ಯಾಂಕಿಗೆ ಗಂಟೆಗೆ 120 ಲೀಟರ್ ತುಂಬಿಸುವ ಪಂಪು, ಅದರಿಂದ ಎಂಜಿನ್ನಿಗೆ 255 ಲೀಟರ್ ಎಳೆಯುವ ಪಂಪಿಗೆ ಸಾಟಿಯಾಗದೆ, 2 ಲೀಟರಿನ ಪಾತ್ರೆ ಒಂದು ನಿಮಿಷದೊಳಗೆ ಬರಿದಾಗುತ್ತದೆ. ಆದ್ದರಿಂದ ಆ ಕೊಳವೆ ಸರ್ಜ್ ಟ್ಯಾಂಕಿಗೇ ಮರಳಬೇಕು. ಮಿಕ್ಕಿದ್ದು ಮಾತ್ರ, ಗಾಳಿಯೊಡನೆ, ಅದರ ನೆತ್ತಿಯಿಂದ ಮುಖ್ಯ ಟ್ಯಾಂಕಿಗೆ ಹರಿಯಬೇಕು.

ಪಾತ್ರೆಯನ್ನು ಪ್ರಯಾಣಿಕರು ಕೂರುವ ಜಾಗದಲ್ಲಾಗಲಿ, ಸೈಲೆನ್ಸರಿನ ಬಿಸಿ ತಾಗುವೆಡೆಯಲ್ಲಾಗಲಿ ಕೂರಿಸಬಾರದು. ಎಥೆನಾಲ್ ಬೆರೆತ ಇ20 ಪೆಟ್ರೋಲು ಹಳೆಯ ರಬ್ಬರನ್ನು ಹಾಳುಮಾಡಬಲ್ಲದಾದ್ದರಿಂದ, ಇಂಜೆಕ್ಷನ್ ಒತ್ತಡವನ್ನೂ ಎಥೆನಾಲನ್ನೂ ತಾಳುವ ಪೈಪನ್ನೇ ಬಳಸಿ, ಪ್ರತಿ ಪಂಪಿಗೂ ಪ್ರತ್ಯೇಕ ಫ್ಯೂಸ್, ರಿಲೇ ಹಾಕಿಸಬೇಕು. ನಾಲ್ಕು ಕಾಸು ಉಳಿಸಲು ನೀರಿನ ಪೈಪಿಗೆ ಕ್ಲಿಪ್ಪು ಬಿಗಿಯುವುದು ಬೆಂಕಿಯನ್ನು ಕೈಯಾರೆ ಕರೆದಂತೆ.

ಕಾರು ರಸ್ತೆಗೂ ಇಳಿಯುವುದಾದರೆ ಸೊಲ್ಲಾಪುರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. ಏಕೆಂದರೆ 1988ರ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು.