ಹಂಚಲು ಬರುವ ಲೆಕ್ಕ, ಹಂಚಲು ಬಾರದ ಲೆಕ್ಕ

ಒಂದು ದೊಡ್ಡ ವೈಜ್ಞಾನಿಕ ಲೆಕ್ಕವನ್ನು ಸಾವಿರಾರು ಚೂರುಗಳಾಗಿ ಒಡೆದು, ಮನೆಗಳಲ್ಲಿ ಸುಮ್ಮನಿರುವ ಕಂಪ್ಯೂಟರುಗಳಿಗೆ ಅಂತರ್ಜಾಲದ ಮೂಲಕ ಕಳುಹಿಸಿ, ಅವು ಕೊಟ್ಟ ಉತ್ತರಗಳನ್ನು ಮತ್ತೆ ಒಂದೆಡೆ ಕೂಡಿಸುವ ಕ್ರಮಕ್ಕೆ ಸ್ವಯಂಸೇವಾ ವಿತರಿತ ಗಣನೆ ಎಂದು ಹೆಸರು. ಅನ್ಯಗ್ರಹಗಳ ಸಂಕೇತಗಳನ್ನು ಅರಸಲು 1999ರಲ್ಲಿ ಆರಂಭವಾದ ಸೆಟಿ ಅಟ್ ಹೋಮ್ ಇದನ್ನು ಜನಪ್ರಿಯಗೊಳಿಸಿತು. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಫೋಲ್ಡಿಂಗ್ ಅಟ್ ಹೋಮ್ ಮತ್ತು 2005ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಪ್ರಯೋಗಾಲಯದಿಂದ ಬಂದ ರೊಸೆಟಾ ಅಟ್ ಹೋಮ್ ಅದನ್ನು ಪ್ರೋಟೀನುಗಳ ಕಡೆಗೆ ತಿರುಗಿಸಿದವು. ಇಂಥ ಯೋಜನೆಗಳಿಗೆ ಬೆಂಗಳೂರಿನ ಒಂದು ಮನೆಯಿಂದ ಹಲವು ವರ್ಷ ಕಂಪ್ಯೂಟರ್ ಒದಗಿಸಿದ ಪ್ರಸ್ತುತ ಲೇಖಕನ ತಿಳಿವಳಿಕೆ ಎಲ್ಲೆಲ್ಲಿ ತಿದ್ದಿಕೊಂಡಿತು ಎಂಬುದೇ ಇಲ್ಲಿನ ವಿಷಯ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಒಂದು ಸರ; ಅದು ಜೀವಕೋಶದಲ್ಲಿ ಮಡಿಚಿಕೊಂಡು ನಿರ್ದಿಷ್ಟ ಆಕಾರ ತಳೆದ ಮೇಲೆಯೇ ಸಾಮಾನ್ಯವಾಗಿ ತನ್ನ ಕೆಲಸ ಮಾಡಬಲ್ಲದು. ಸರದ ಕ್ರಮವಷ್ಟೇ ಗೊತ್ತಿರುವಾಗ ಆಕಾರವನ್ನು ಊಹಿಸುವುದು ಹೇಗೆ? ರೊಸೆಟಾ ತಂತ್ರಾಂಶವು, ಈಗಾಗಲೇ ತಿಳಿದಿರುವ ರಚನೆಗಳಿಂದ ಮೂರು ಅಥವಾ ಒಂಬತ್ತು ಅಮೈನೋ ಆಮ್ಲಗಳ ತುಣುಕುಗಳನ್ನು ಎತ್ತಿಕೊಂಡು, ಅವುಗಳನ್ನು ಯಾದೃಚ್ಛಿಕವಾಗಿ ಜೋಡಿಸಿ, ಬಂದ ಆಕಾರದ ಶಕ್ತಿಯನ್ನು ಅಂದಾಜಿಸಿ, ಕಡಿಮೆ ಶಕ್ತಿಯದನ್ನು ಉಳಿಸಿಕೊಳ್ಳುತ್ತ ಸಾಗುತ್ತದೆ. ಸರದ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು 1963ರಲ್ಲಿ ನಕ್ಷೆಯಾಗಿ ತೋರಿಸಿದವರು, ಆಗ ಮದ್ರಾಸಿನಲ್ಲಿದ್ದು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್; ರೊಸೆಟಾದ ಅಂದಾಜಿನಲ್ಲಿ ಅವರ ಹೆಸರಿನ ಒಂದು ಅಂಶವೇ ಸೇರಿದೆ ಎಂಬುದು ಈ ಊರಿನ ಸ್ವಯಂಸೇವಕರಿಗೆ ತುಸು ಹೆಮ್ಮೆಯ ಸಂಗತಿ.

ಮೊದಲ ತಿದ್ದುಪಡಿ ಈ ಆಕಾರದ ಊಹೆಯ ವಿಷಯದಲ್ಲಿಯೇ ಆಯಿತು. ರಾತ್ರಿಯಿಡೀ ದುಡಿದ ಯಂತ್ರ ಒಂದು ಉತ್ತರವನ್ನು ಕಳುಹಿಸಿತೆಂದರೆ ವಿಜ್ಞಾನಕ್ಕೆ ಒಂದು ಸತ್ಯ ಸೇರಿತು ಎಂದು ಲೇಖಕ ನಂಬಿದ್ದನು. ವಾಸ್ತವದಲ್ಲಿ ಹೋಗುತ್ತಿದ್ದವು ಬಹುಪಾಲು ತಪ್ಪು ಆಕಾರಗಳೇ. ಸಾವಿರಾರು ತಪ್ಪುಗಳ ನಡುವೆ ಕೆಲವು ಆಕಾರಗಳು ಒಂದನ್ನೊಂದು ಹೋಲುತ್ತ ಅತಿ ಕಡಿಮೆ ಶಕ್ತಿಯ ಕಡೆಗೆ ಕೂಡಿಬಂದಾಗ ಮಾತ್ರ ಊಹೆಗೆ ಬಲ ಬರುತ್ತದೆಯಾದ್ದರಿಂದ, ಕೂಡಿಬರದೆ ಚದುರಿಹೋದ ಉತ್ತರಗಳೂ ಆ ಲೆಕ್ಕದ ಅಂಗವೇ ಆಗಿದ್ದವು.

ಸುಮ್ಮನಿರುವ ಕಂಪ್ಯೂಟರಿನ ಶಕ್ತಿ ಬಿಟ್ಟಿ ಎಂಬ ಮಾತೂ ನಿಲ್ಲಲಿಲ್ಲ. ಪೂರ್ಣ ಹೊರೆ ಹೊತ್ತ ಪ್ರೊಸೆಸರ್, ಸುಮ್ಮನಿರುವುದಕ್ಕಿಂತ ಬಹಳ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದದ್ದನ್ನೆಲ್ಲ ಶಾಖವಾಗಿ ಕೋಣೆಗೆ ಬಿಡುತ್ತದೆ, ಬಿಲ್ಲನ್ನು ಮನೆಯವರ ಮುಂದೆ ತಂದಿಡುತ್ತದೆ. ಕರೆಂಟು ಹೋದಾಗ ನಷ್ಟವಾಗುವುದು, ಚೆಕ್‌ಪಾಯಿಂಟ್ ಅಂದರೆ ಲೆಕ್ಕವನ್ನು ಡಿಸ್ಕಿಗೆ ಬರೆದಿಟ್ಟ ಕೊನೆಯ ಹಂತದಿಂದ ಈಚೆಗಿನ ಕೆಲಸ. ಯುಪಿಎಸ್ ಕೊಳ್ಳುವುದಕ್ಕಿಂತ ಮೊದಲು ರೊಸೆಟಾ ಅಟ್ ಹೋಮ್‌ನ ಕೆಲಸಗಳನ್ನು ತರಿಸಿ ನಡೆಸುವ ಬಾಯಿಂಕ್ ತಂತ್ರಾಂಶದಲ್ಲಿ ಪ್ರೊಸೆಸರಿನ ಅರ್ಧದಷ್ಟು ಕೋರ್‌ಗಳಿಗೆ ಮಾತ್ರ ಅನುಮತಿ ಕೊಟ್ಟು, ಮುಂದಿನ ದಿನಗಳಿಗೆಂದು ಕೆಲಸ ಕೂಡಿಡುವುದನ್ನು ತಗ್ಗಿಸುವುದು ವಿವೇಕ. ಆಸೆಯಿಂದ ರಾಶಿ ಹಾಕಿಕೊಂಡ ಕೆಲಸಗಳು ಗಡುವು ಮೀರಿ ಬೇರೆಯವರ ಪಾಲಾದುದನ್ನು ಲೇಖಕ ಹಲವು ಸಲ ಕಂಡಿದ್ದಾನೆ.

ಮೆಷಿನ್ ಲರ್ನಿಂಗ್ ಬಂದಾಗ ಆದ ತಿದ್ದುಪಡಿ ಇವೆಲ್ಲಕ್ಕಿಂತ ಆಳವಾದುದು. 2020ರ ಕ್ಯಾಸ್ಪ್ ಪರೀಕ್ಷೆಯಲ್ಲಿ, ಅಂದರೆ ಇನ್ನೂ ಪ್ರಕಟವಾಗದ ರಚನೆಗಳನ್ನು ಊಹಿಸುವ, ಎರಡು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ, ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್ 2 ಉಳಿದೆಲ್ಲರನ್ನೂ ಬಹು ದೂರ ಹಿಂದಿಕ್ಕಿತು. 2021ರಲ್ಲಿ ಬೇಕರ್ ಅವರ ಗುಂಪೂ ರೊಸೆಟಾಫೋಲ್ಡ್ ಎಂಬ ನರಜಾಲವನ್ನು, ಅಂದರೆ ಉದಾಹರಣೆಗಳಿಂದ ಕಲಿಯುವ ತಂತ್ರಾಂಶವನ್ನು, ಪ್ರಕಟಿಸಿತು. ಹಾಗಾದರೆ ಅಂಥ ಜಾಲಕ್ಕೆ ತರಬೇತಿ ಕೊಡುವ ಕೆಲಸವನ್ನೂ ಮನೆಮನೆಗೆ ಹಂಚಬಾರದೇಕೆ? ಹಳೆಯ ರೊಸೆಟಾ ವಿಧಾನದಲ್ಲಿ ಒಂದು ಮನೆಯ ಊಹೆಗೆ ಇನ್ನೊಂದು ಮನೆಯ ಊಹೆ ಬೇಕಿರಲಿಲ್ಲ; ತರಬೇತಿಯಲ್ಲಾದರೋ ಸಾಮಾನ್ಯವಾಗಿ ಪ್ರತಿ ಹೆಜ್ಜೆಯಲ್ಲೂ ಎಲ್ಲ ಯಂತ್ರಗಳು ತಮ್ಮ ತಿದ್ದುಪಡಿಗಳನ್ನು ಒಟ್ಟುಗೂಡಿಸಿಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಒಂದೇ ಡೇಟಾ ಕೇಂದ್ರದಲ್ಲಿ ಅತಿವೇಗದ ತಂತಿಗಳಿಂದ ಬೆಸೆದ ಚಿಪ್‌ಗಳಿಗೆ ಸುಲಭವಾದ ಈ ಮಾತುಕತೆ, ಸಂಜೆ ಹೊತ್ತಿಗೆ ನಿಧಾನವಾಗುವ ಮನೆಯ ಸಂಪರ್ಕದಲ್ಲಿ ಕುಂಟುತ್ತದೆ. ಸ್ವಯಂಸೇವಾ ಗಣನೆಯ ಶಕ್ತಿಯನ್ನು ಯಂತ್ರಗಳ ಸಂಖ್ಯೆಯಿಂದ ಅಳೆಯುವುದು ಆದುದರಿಂದ ಅರ್ಧ ಅಳತೆಯೇ. ಲೆಕ್ಕದ ಚೂರುಗಳು ಪರಸ್ಪರ ಎಷ್ಟು ಮಾತನಾಡಬೇಕು ಎಂಬುದು ಉಳಿದರ್ಧ.

ಆದರೂ ಮನೆಯ ಯಂತ್ರಗಳಿಗೆ ಕೆಲಸ ಮುಗಿಯಿತೆನ್ನಲಾಗದು. ಆಲ್ಫಾಫೋಲ್ಡ್ ಕೊಡುವುದು ಮುಖ್ಯವಾಗಿ ನಿಂತ ಆಕಾರ. ಪ್ರೋಟೀನ್ ಬಾಗುವ, ತೆರೆದುಕೊಳ್ಳುವ ಚಲನೆಯನ್ನು ಅನುಕರಿಸುವ ಫೋಲ್ಡಿಂಗ್ ಅಟ್ ಹೋಮ್‌ನಲ್ಲಿ, ಬೇರೆಬೇರೆ ಆರಂಭಗಳಿಂದ ಹೊರಟ ಅನೇಕ ಚಿಕ್ಕ ಅನುಕರಣೆಗಳನ್ನು ಅಂಕಿಅಂಶ ವಿಧಾನದಿಂದ ಹೊಲಿಯುವುದರಿಂದ, ಹಂಚಿಕೆಗೆ ಅಲ್ಲಿ ಇನ್ನೂ ಜಾಗವಿದೆ. ಲೇಖಕನ ಕಂಪ್ಯೂಟರ್ ಈಗ ದುಡಿಯುವುದು ಅದಕ್ಕೇ, ಅದೂ ಬೇಸಿಗೆಯ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಬಿಟ್ಟು.