ಮೊದಲು ತಳ, ಆಮೇಲೆ ಬಣ್ಣ: ಜಂಗು ತಿಂದ ಅಂಬಾಸಿಡರ್ ಉಳಿಸುವ ಸೂತ್ರಗಳು

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹಳೆ ವಾಡೆಗಳ ಹಿಂದೆ, ಗಿರಣಿ ಗೋದಾಮಿನ ಮೂಲೆಯಲ್ಲಿ, ದನದ ಕೊಟ್ಟಿಗೆಗೆ ಹೊಂದಿದ ತಗಡಿನ ಶೆಡ್ಡಿನಲ್ಲಿ ಇನ್ನೂ ಅಂಬಾಸಿಡರ್, ಫಿಯಟ್, ಜೀಪುಗಳು ನಿಂತಿವೆ. ಹಿರಿಯರು ಆಸೆಪಟ್ಟು ಕೊಂಡವು. ಅವರು ಹೋದ ಮೇಲೆ ಬ್ಯಾಟರಿ ಇಳಿಯಿತು, ಟೈರು ಕೂತವು, ಮೇಲೆ ಭತ್ತದ ಚೀಲ ಬಿದ್ದವು. ಈಗ ಮನೆಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: "ಗುಜರಿಗೆ ಹಾಕ್ರಿ, ಜಾಗ ಆದ್ರೂ ಖಾಲಿ ಆಗ್ತದ."

ಹಾಕಬೇಡಿ. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ 2014ರಲ್ಲೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ನಾವು ಫಿಯಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮುಂಚೆಯೇ ಮುಗಿದಿತ್ತು. ಇನ್ನು ಉಳಿಯುವುದು ನಾವು ಉಳಿಸಿಕೊಂಡಷ್ಟೇ. ಆದರೆ ಉಳಿಸಲು ಹೊರಟವರಲ್ಲಿ ಬಹಳ ಮಂದಿ ದುಡ್ಡನ್ನು ಬಣ್ಣಕ್ಕೂ ಸೀಟಿಗೂ ಸುರಿದು, ಎರಡು ಮಳೆಗಾಲ ಕಳೆಯುವುದರೊಳಗೆ ಕೈ ಚೆಲ್ಲುತ್ತಾರೆ. ಈ ಕೆಲಸ ಕೆಳಗಿನಿಂದ ಮೇಲಕ್ಕೆ ನಡೆಯಬೇಕು.

1. ಬಾಗಿಲು ತೆಗೆಯುವ ಮುನ್ನ ಕೋಲು ಮತ್ತು ಟಾರ್ಚು ಹಿಡಿಯಿರಿ.
ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಸೀಟಿನ ಕೆಳಗೆ, ಬಾನೆಟ್ಟಿನೊಳಗೆ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಮೊದಲು ಕೋಲಾಡಿಸಿ, ಆಮೇಲೆ ಕೈ ಹಾಕಿ. ಚೇಳು ಕೂರುವುದು ಬಾಗಿಲ ರಬ್ಬರಿನ ಸಂದಿಯಲ್ಲಿ. ಇಲಿಯ ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಮಾಸ್ಕು, ಕೈಗವಸು ಹಾಕಿಕೊಂಡು ಬಳಿಯಿರಿ.

2. ಸ್ಟಾರ್ಟ್ ಮಾಡುವ ಆಸೆ ಬಿಡಿ.
ಹೊಸ ಬ್ಯಾಟರಿ ತಂದು ಕೀಲಿ ತಿರುಗಿಸಿ "ಒಂದ್ಸಲ ನೋಡೇಬಿಡೋಣ" ಅನ್ನುವ ಉತ್ಸಾಹವೇ ಎಷ್ಟೋ ಎಂಜಿನ್‌ಗಳನ್ನು ಕೊಂದಿದೆ. ಸಿಲಿಂಡರಿಗೆ ರಿಂಗು ಅಂಟಿಕೊಂಡಿರುತ್ತದೆ. ಒತ್ತಾಯಕ್ಕೆ ತಿರುಗಿಸಿದರೆ ರಿಂಗು ಮುರಿಯುತ್ತದೆ, ಪಿಸ್ಟನ್ ಗೀಚುತ್ತದೆ. ಇಲಿ ಕಡಿದ ವೈರಿಗೆ ಕರೆಂಟು ಹರಿದರೆ ಬೆಂಕಿಯೂ ಹತ್ತಬಹುದು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ.

3. ಕಬ್ಬಿಣಕ್ಕಿಂತ ಮುಂಚೆ ಕಾಗದ ಹುಡುಕಿ.
ಆರ್.ಸಿ. ಪುಸ್ತಕ, ತೆರಿಗೆ ರಸೀದಿ, ಹಳೆ ವಿಮೆಯ ಕಾಗದ ಅಟ್ಟದ ಟ್ರಂಕಿನಲ್ಲಿ ಸಿಕ್ಕಾವು. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದ ಗಾಡಿಯಾದರೆ ಕಾಗದ ಉರ್ದುವಿನಲ್ಲಿರಬಹುದು, ರದ್ದಿಗೆ ಹಾಕೀರಿ ಜೋಕೆ. ಚಾಸಿ ನಂಬರು, ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಪುಸ್ತಕದೊಂದಿಗೆ ತಾಳೆ ನೋಡಿ. ಗಾಡಿ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸುದಾರರೆಲ್ಲ ಕೂತು ಮಾತಾಡಿ, ಒಪ್ಪಿಗೆಪತ್ರ ಬರೆಸಿಕೊಂಡು ಕೆಎ-36ರ ಸಾರಿಗೆ ಕಚೇರಿಗೆ ಹೋಗಿ. ಖರ್ಚೆಲ್ಲ ಮಾಡಿ ಕಾರು ಹೊಳೆಯತೊಡಗಿದ ಮೇಲೆ ಕಾಕಾನ ಮಕ್ಕಳು "ನಮ್ಮದೂ ಪಾಲದ" ಅಂತ ಬಂದರೆ ಮನಸ್ಸು ಮುರಿಯುತ್ತದೆ.

4. ಜಂಗು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ.
ನಮ್ಮದು ಬಿಸಿಲ ನಾಡು, ಇಲ್ಲಿ ಕಬ್ಬಿಣ ಕೆಡುವುದಿಲ್ಲ ಎಂಬ ನಂಬಿಕೆ ಇದೆ. ಬಯಲಲ್ಲಿ ಒಣ ನೆಲದ ಮೇಲೆ ನಿಂತ ಗಾಡಿಗೆ ಅದು ಅಷ್ಟಿಷ್ಟು ನಿಜ. ಆದರೆ ಎರೆ ಮಣ್ಣಿನ ನೆಲ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾಲುವೆ ನೀರಾವರಿಯ ಊರಲ್ಲಿ ಸುತ್ತ ಗದ್ದೆ ಇದ್ದರೆ ಶೆಡ್ಡಿನ ಗಾಳಿಯಲ್ಲೇ ಪಸೆ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಚೀಲ. ಯೂರಿಯಾ, ಡಿಎಪಿ, ಪೊಟ್ಯಾಷ್ ಚೀಲಗಳನ್ನು ಕಾರಿನ ಡಿಕ್ಕಿಯಲ್ಲೋ ಪಕ್ಕದಲ್ಲೋ ಒಟ್ಟಿದ್ದರೆ ಉಪ್ಪಿನಂಶ ಉದುರಿ, ಗಾಳಿಯ ತೇವ ಹೀರಿ, ತಗಡನ್ನು ತಿನ್ನುತ್ತಲೇ ಇರುತ್ತದೆ. ನಾವು ಹಾಕುವ ಪೊಟ್ಯಾಷ್ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣಕ್ಕೆ ಅದು ಕಡಲ ಉಪ್ಪಿನಷ್ಟೇ ವೈರಿ. ಕೊಟ್ಟಿಗೆಯ ಗಂಜಲದ ಅಮೋನಿಯಾ ತಾಮ್ರದ ವೈರು, ಹಿತ್ತಾಳೆಯ ಕಾರ್ಬುರೇಟರ್ ಬಿಡಿಭಾಗಗಳನ್ನು ಕೆಡಿಸುತ್ತದೆ. 2009ರ ನೆರೆಯಲ್ಲಿ ನಿಂತ ಗಾಡಿಯಾದರೆ ಪೊಳ್ಳು ಜಾಗಗಳಲ್ಲೆಲ್ಲ ಹೊಳೆಯ ರೇವೆ ಕೂತಿರುತ್ತದೆ. ಆದ್ದರಿಂದ ಮೊದಲ ಕೆಲಸ ಗಾಡಿಯನ್ನು ಕಾಂಕ್ರೀಟು ನೆಲಕ್ಕೆ ತಂದು, ಒಳಹೊರಗೆ ಸಿಹಿನೀರಿನಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸುವುದು. ಉಪ್ಪು ಉಳಿದ ತಗಡಿಗೆ ಎಷ್ಟು ಬಳಿದರೂ ಜಂಗು ಒಳಗಿಂದ ಏಳುತ್ತದೆ.

5. ಎಳೆದು ತರಬೇಡಿ, ಎತ್ತಿ ತನ್ನಿ.
ಹಿಡಿದ ಬ್ರೇಕಿನ ಗಾಡಿಗೆ ಹಗ್ಗ ಕಟ್ಟಿ ಜಗ್ಗಿದರೆ ಜಂಗು ತಿಂದ ಕ್ರಾಸ್ ಮೆಂಬರ್ ಕಿತ್ತು ಬರುತ್ತದೆ. ನಾಲ್ಕೂ ಚಕ್ರ ಬಿಚ್ಚಿ ಡ್ರಮ್ಮು ಸಡಿಲಿಸಿ, ಗಾಳಿ ನಿಲ್ಲುವ ಟೈರು ಹಾಕಿ, ತಗ್ಗು ಟ್ರೇಲರಿನ ಮೇಲೆ ತಳ್ಳಿ ಹತ್ತಿಸಿ.

6. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ.
ಜೀಪಿಗೆ ಬೇರೆಯೇ ಚಾಸಿ ಇದೆ, ಬಾಡಿ ಮೇಲೆ ಕೂತಿರುತ್ತದೆ. ಅಂಬಾಸಿಡರ್, ಫಿಯಟ್‌ಗಳಲ್ಲಿ ಬಾಡಿಯೇ ಬೆನ್ನೆಲುಬು. ತಳದ ತಗಡು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಪೆಟ್ಟಿಗೆ, ಅಡ್ಡಪಟ್ಟಿಗಳು ಸೇರಿಯೇ ಭಾರ ಹೊರುತ್ತವೆ. ಅಲ್ಲಿ ತೂತು ಬಿದ್ದರೆ ಅಂದ ಮಾತ್ರ ಕೆಡುವುದಲ್ಲ, ಗಾಡಿ ನಡುವೆ ಜೋತುಬೀಳುತ್ತದೆ.

ಗಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬರೀ ಜಾಕಿನ ನಂಬಿಕೆಯಲ್ಲಿ ಕೆಳಗೆ ಮಲಗಬೇಡಿ. ಮ್ಯಾಟು, ಡಾಂಬರಿನ ಲೇಪ ಕೆರೆದು ತಗಡು ಬಯಲು ಮಾಡಿ. ಹಳೆ ಸ್ಕ್ರೂಡ್ರೈವರಿನ ತುದಿಯಿಂದ ಅಂಗುಲ ಅಂಗುಲಕ್ಕೆ ಒತ್ತಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಸಿಲ್ಲು, ಜಾಕ್ ಕೂರುವ ಜಾಗ, ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಮುಂಗಾಜಿನ ಕೆಳಗಿನ ಮೂಲೆ ಎಲ್ಲ ನೋಡಿ. ಅಂಬಾಸಿಡರಿನಲ್ಲಿ ಇನ್ನೊಂದು ಜಾಗ ಕಣ್ತಪ್ಪಬಾರದು. ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರುಗಳು ಕಾರಿನ ಕೆಳಗೆ ಹಿಂದಕ್ಕೆ ಬಂದು ಅಡ್ಡಪಟ್ಟಿಯೊಂದಕ್ಕೆ ಕಚ್ಚಿರುತ್ತವೆ. ಆ ಪಟ್ಟಿ ತಿರುಚುವ ಬಲ ಹೊರುವಂಥದ್ದು. ಅದು ಟೊಳ್ಳಾಗಿದ್ದರೆ ಮುಂದಿನ ಕೆಲಸವೆಲ್ಲ ನಿಲ್ಲಿಸಿ, ಅಲ್ಲಿಂದಲೇ ಶುರು ಮಾಡಿ.

ಹೊರ ಬಾಡಿಯ ಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಕಚ್ಚದ ಕಡೆ ಹಿಂದಿನವರು ತೂತಿಗೆ ಪುಟ್ಟಿ ಮೆತ್ತಿದ್ದಾರೆ ಎಂದು ತಿಳಿಯಿರಿ.

7. ಬಿಚ್ಚುವುದೂ ಒಂದು ಕೆಲಸ.
ಪ್ರತಿ ಭಾಗವನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡು ಕೋನದಿಂದ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಹೆಸರು ಬರೆಯಿರಿ. ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಗ್ಗೆ ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಬಗ್ಗದಿದ್ದರೆ ನಟ್ಟನ್ನು ಕಾಯಿಸಿ. ಬಹಳ ಪಳಗಿದ ಉಸ್ತಾದರ ಕೈ ನೋಡಿ, ಅವರು ಬಲ ಹಾಕುವುದಕ್ಕಿಂತ ಕಾಯುವುದೇ ಹೆಚ್ಚು.

8. ಜಂಗಿಗೆ ತಕ್ಕ ಮದ್ದು.
ದೊಡ್ಡ ತಗಡಿಗೆ ವೈರ್ ಬ್ರಷ್, ಗ್ರೈಂಡರು. ಬ್ರಾಕೆಟ್, ಹಿಂಜ್, ಬೋಲ್ಟಿನಂಥ ಸಣ್ಣ ಸಾಮಾನಿಗೆ ಲಿಂಬೆ ಉಪ್ಪು ಸಾಕು. ಒಂದು ಲೀಟರ್ ನೀರಿಗೆ ಐವತ್ತು ಗ್ರಾಂ ಕರಗಿಸಿ ರಾತ್ರಿ ನೆನೆಸಿ, ಬೆಳಗ್ಗೆ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಿ. ತಡಮಾಡಿದರೆ ಕಣ್ಣೆದುರೇ ಕೆಂಪಗಾಗುತ್ತದೆ.

ಕೆತ್ತನೆ, ಸಂದುಗೊಂದು ಇರುವ ಕಬ್ಬಿಣಕ್ಕೆ ವಿದ್ಯುತ್ ಸ್ನಾನ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಲೀಟರಿಗೆ ಒಂದು ಚಮಚೆ ಬಟ್ಟೆ ಸೋಡಾ, ಹನ್ನೆರಡು ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ತಂತಿ ನಿಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತಗಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಆ ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಅನಿಲ ಏಳುತ್ತದೆ, ಆದ್ದರಿಂದ ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಬೇಡ. ಅಲ್ಯುಮಿನಿಯಂ ಭಾಗ ಇದಕ್ಕೆ ಹಾಕಬೇಡಿ.

9. ಸತ್ತ ತಗಡು ಕತ್ತರಿಸಿ, ಮೇಲೆ ತೇಪೆ ಹಾಕಬೇಡಿ.
ಜಂಗಿನ ಮೇಲೆಯೇ ತಗಡು ಹೊದಿಸಿ ಬೆಸೆಯುವುದು ಎಲ್ಲೆಡೆ ನಡೆಯುವ ಅಭ್ಯಾಸ. ಎರಡು ತಗಡಿನ ನಡುವೆ ನೀರು ನಿಂತು ಜಂಗು ಇಮ್ಮಡಿಯಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಬೆಸುಗೆಯನ್ನೇ ಬಿಡಿಸಿಬಿಡುತ್ತದೆ. ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ, ಅದೇ ಆಕಾರದ ಹೊಸ ತುಂಡು ಅಂಚಿಗೆ ಅಂಚು ಕೂಡಿಸಿ. ತಳಕ್ಕೆ 18 ಗೇಜು, ಹೊರ ಬಾಡಿಗೆ 20 ಗೇಜಿನ ಕೋಲ್ಡ್ ರೋಲ್ಡ್ ತಗಡು ಸಾಕು. ತೆಳು ತಗಡಿಗೆ ಸಿಒ2 ವೆಲ್ಡಿಂಗೇ ಆಗಬೇಕು. ಗ್ಯಾಸಿನ ಬೆಂಕಿಗೆ ತಗಡು ಸೊಟ್ಟಗಾಗುತ್ತದೆ, ಸಾದಾ ಆರ್ಕ್ ತೂತು ಕೊರೆಯುತ್ತದೆ.

ಸಿಲ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಒಳಗಿಂದ ಕಬ್ಬಿಣದ ಪೈಪು ಅಡ್ಡ ಬೆಸೆದು ಬಿಗಿಯಿರಿ. ಒಂದು ಬದಿ ಪೂರ್ತಿ ಮುಗಿಸಿ, ಬಾಗಿಲು ಹಾಕಿ ತೆಗೆದು ಸಂದು ನೋಡಿ, ಆಮೇಲೆ ಇನ್ನೊಂದು ಬದಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಕತ್ತರಿಸಿದ ಗಾಡಿಯ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಬೆಸುಗೆ ಶುರು ಮಾಡಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ತುಂಬಿರುವ ಆವಿಯೇ ಸಿಡಿಯುತ್ತದೆ.

ನಿಮ್ಮ ದುಡ್ಡಿನ ದೊಡ್ಡ ಪಾಲು ಇಲ್ಲೇ ಹೋಗಲಿ. ನೋಡಿದವರಿಗೆ ಇದು ಕಾಣುವುದಿಲ್ಲ, ಆದರೆ ಕಾರು ನಿಂತಿರುವುದು ಇದರ ಮೇಲೆ.

10. ಎಂಜಿನ್ನಿಗೆ ಎಣ್ಣೆ ಕುಡಿಸಿ.
ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಡೀಸೆಲ್ಲು, ಆಟೊಮ್ಯಾಟಿಕ್ ಗೇರಿನ ಎಣ್ಣೆ ಸಮಸಮ ಬೆರೆಸಿ ಬಿಡಿ. ದಿನ ಬಿಟ್ಟು ದಿನ ಒಂದಿಷ್ಟು ಸೇರಿಸುತ್ತ ಒಂದೆರಡು ವಾರ ಕಾಯಿರಿ. ಆಮೇಲೆ ಹಳೆ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಅತ್ತಿತ್ತ ಮೆಲ್ಲಗೆ ಆಡಿಸಿ. ಅಂಬಾಸಿಡರಿನ 1489 ಸಿಸಿ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶದ್ದು, ಎರಕದ ಕಬ್ಬಿಣದ ಗಟ್ಟಿ ಪಿಂಡ. ತಾಳ್ಮೆ ಇದ್ದರೆ ಬಹುತೇಕ ಬಿಡುತ್ತದೆ. ಬಿಡದಿದ್ದರೆ ಹೆಡ್ಡು ಇಳಿಸಿ. ತಿರುಗಿದ ಮೇಲೂ ಸಂಪು ಬಿಚ್ಚಿ ಕೆಸರು ಬಳಿದು, ಆಯಿಲ್ ಪಂಪು ನೋಡಿಯೇ ಮುಂದುವರಿಯಿರಿ. ರೇಡಿಯೇಟರಿಗೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬೇಡ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಹಾಕಿ. ಹೊಸ ಬ್ಯಾಟರಿ ಜೋಡಿಸುವಾಗ ಅರ್ತ್ ಯಾವುದೆಂದು ನೋಡಿ, ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ.

11. ಇಂದಿನ ಪೆಟ್ರೋಲಿಗೆ ಅಂದಿನ ರಬ್ಬರು ತಾಳದು.
ಬಂಕಿನಲ್ಲಿ ಈಗ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20. ಅದು ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿಗೆ ಜಂಗು ತರುತ್ತದೆ. ಎಥನಾಲ್ ತಡೆಯುವ ಪೈಪು, ಹೊಸ ಡಯಾಫ್ರಂ ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ.

12. ಬ್ರೇಕಿನಲ್ಲಿ ಉಳಿತಾಯ ಬೇಡ.
ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್, ಹೋಸು, ಲೋಹದ ಪೈಪು ಎಲ್ಲವೂ ಹೊಸದಾಗಲಿ.

13. ಬಿಡಿಭಾಗಕ್ಕೆ ಊರು ಸುತ್ತಬೇಕು.
ಹೈದರಾಬಾದ್ ನಮಗೆ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆ ದೊಡ್ಡ ಸಂತೆ. ಅಂಬಾಸಿಡರಿಗೆ ಕೋಲ್ಕತ್ತದ ಮಲ್ಲಿಕ್ ಬಜಾರ್, ಫಿಯಟ್ಟಿಗೆ ಮುಂಬೈಯ ಕುರ್ಲಾ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರ್ 30ಕ್ಕೆ ಮುಗಿಯಿತು, ಅವುಗಳ ಸಾಮಾನೂ ದಿನೇ ದಿನೇ ಕಡಿಮೆಯಾಗುತ್ತಿದೆ, ಕಂಡಾಗಲೇ ಕೊಳ್ಳಿ. ಮೂಲದಲ್ಲಿ ಏನು ಹೇಗಿತ್ತೆಂದು ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳ ಮುಂದೆ ಅರ್ಧ ದಿನ ನಿಲ್ಲಿ. ಪುಸ್ತಕ ಕಲಿಸದ್ದನ್ನು ಅವು ಕಲಿಸುತ್ತವೆ.

14. ಬಣ್ಣಕ್ಕೆ ಕಾಲ ನೋಡಿ.
ಮುಂಗಾರಿನಲ್ಲಿ ಬೇಡ, ಧೂಳಿನ ಗಾಳಿ ಎದ್ದಾಗಲೂ ಬೇಡ. ದೀಪಾವಳಿ ಕಳೆದು ಶಿವರಾತ್ರಿಯವರೆಗೆ ಒಣಹವೆ ಇರುತ್ತದೆ. ಬರಿ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಸಿಲ್ಲು, ಬಾಗಿಲಿನ ಒಳಪೊಳ್ಳಿಗೆ ಕೊಳವೆಯಿಂದ ಮೇಣ ಹೊಡೆಸಿ.

15. ಐವತ್ತು ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿ.
ಕೇಂದ್ರದ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಆದರೆ ಆ ನಂಬರಿನ ಗಾಡಿಯನ್ನು ರ್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಮದುವೆ ಮುಂಜಿಗೆ ದೇವದುರ್ಗಕ್ಕೆ ಹೋಗಿ ಬರುವ ಆಸೆ ಇದ್ದವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಬೇರೆ ಎಂಜಿನ್ ಕೂರಿಸಿದರೆ ವಿಂಟೇಜ್ ದಾರಿ ಮುಚ್ಚಿತೆಂದೇ ತಿಳಿಯಿರಿ.

16. ಮೊದಲ ಓಟ ಅಂಗಳದಲ್ಲೇ.
ಬ್ರೇಕು, ಸ್ಟೀರಿಂಗು ಪಳಗುವವರೆಗೆ ಹೆದ್ದಾರಿ ಬೇಡ. ಎಂಜಿನ್ ಬಿಸಿಯಾಗಿ ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಅಳತೆಗೆ ಬಿಗಿಯಿಸಿ. ಆಮೇಲೆ ವಾರಕ್ಕೊಮ್ಮೆಯಾದರೂ ಓಡಿಸಿ. ಮೃಗಶಿರಾ ಮಳೆ ಬರುವ ಮುಂಚೆ ಪ್ರತಿ ವರ್ಷ ಬಾಗಿಲ ತಳದ ನೀರುಗಂಡಿಗಳಿಗೆ ತಂತಿ ಆಡಿಸಿ ಮಣ್ಣು ತೆಗೆಯಿರಿ, ಮ್ಯಾಟು ಎತ್ತಿ ತಳ ಮುಟ್ಟಿ ನೋಡಿ, ಶೆಡ್ಡಿನಿಂದ ಗೊಬ್ಬರದ ಚೀಲಗಳನ್ನು ಹೊರಗೆ ಹಾಕಿಸಿ.