ಪರೀಕ್ಷೆಯನ್ನು ಗುರುತು ಹಿಡಿದ ಕಾರು

ಡೀಸೆಲ್ ಗಾಡಿ ಎಂದರೆ ನಮಗೆ ನೆನಪಾಗುವುದು ಕಪ್ಪು ಹೊಗೆ. ಕಬ್ಬಿನ ಸೀಜನ್ನಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಏರು ಹತ್ತುವಾಗ ನಮ್ಮ ಘಟಪ್ರಭಾದಲ್ಲಿ ಎಲ್ಲರೂ ಅದನ್ನು ನೋಡಿದ್ದೀರಿ. ಅದು ಪೂರ್ತಿ ಸುಡದ ಇಂಗಾಲದ ಪುಡಿ, ಅಂದ್ರೆ ಮಸಿ. ಆದರೆ ಅದೇ ಕೊಳವೆಯಿಂದ ಕಣ್ಣಿಗೆ ಕಾಣದ ವಿಷವೂ ಬರುತ್ತದೆ. ಗಾಳಿಯಲ್ಲಿ 78 ಭಾಗ ಸಾರಜನಕ ಇದೆ ಎಂದು ಕಲಿತಿದ್ದೇವೆ. ಅದು ತನ್ನ ಪಾಡಿಗೆ ಸುಮ್ಮನಿರುವ ಅನಿಲ. ಎಂಜಿನ್ನಿನ ಭಾರೀ ಶಾಖಕ್ಕೆ ಮಾತ್ರ ಆಮ್ಲಜನಕದ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಇದರಿಂದ ಉಸಿರಿನ ನಾಳಗಳು ಕೆಡುತ್ತವೆ. ದಮ್ಮು ಇದ್ದವರಿಗೆ ಬಹಳ ತ್ರಾಸ.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಮೋಸ ಮಾಡಿದ್ದು ಇದರಲ್ಲಿಯೇ. ಆಗ ಹೊಸ ಕಾರಿನ ಹೊಗೆ ಪರೀಕ್ಷೆ ಕೋಣೆಯೊಳಗೆ ಉರುಳೆಗಳ ಮೇಲೆ ನಡೆಯುತ್ತಿತ್ತು. ಗಾಲಿ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ, ಸ್ಟೇರಿಂಗ್ ಯಾರೂ ತಿರುಗಿಸುವುದಿಲ್ಲ. ಕಾರಿನೊಳಗಿನ ಕಂಪ್ಯೂಟರ್ ಇಂಥ ಗುರುತುಗಳನ್ನು ನೋಡಿ ‘ಇದು ಪರೀಕ್ಷೆ’ ಎಂದು ತಿಳಿಯುತ್ತಿತ್ತು. ಕಂಪನಿಯವರೇ ಅದಕ್ಕೆ ಹಾಗೆ ಗುಟ್ಟಾಗಿ ಕಲಿಸಿದ್ದರು. ಆಗ ಹೊಗೆ ಶುದ್ಧ ಮಾಡುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿತ್ತು, ರಸ್ತೆಗೆ ಇಳಿದರೆ ಸಡಿಲು. ಸಾಹೇಬರು ಬಂದಾಗ ನಾವು ಕೈ ಕಟ್ಟಿ ಕೂಡ್ತೀವಲ್ಲ, ಹಾಂಗ!

ಇದು ಹೊರಬಿದ್ದ ಕಥೆಯಲ್ಲಿ ಬೆಂಗಳೂರಿನವರಾದ ಹೇಮಂತ್ ಕಪ್ಪಣ್ಣ ಇದ್ದಾರೆ. ಅವರು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಅವರು, ಅರವಿಂದ್ ತಿರುವೆಂಗಡಂ, ಮಾರ್ಕ್ ಬೆಶ್ ಮುಂತಾದವರ ಸಣ್ಣ ತಂಡ ಕಳ್ಳರನ್ನು ಹಿಡಿಯಬೇಕೆಂದು ಹೊರಟದ್ದಲ್ಲ. 2013ರಲ್ಲಿ ಮೂರು ಡೀಸೆಲ್ ಕಾರುಗಳ ಹಿಂಭಾಗದಲ್ಲಿ ಅಳೆಯುವ ಯಂತ್ರ ಇಟ್ಟು, ಅದಕ್ಕೆ ಜನರೇಟರ್ ಕಟ್ಟಿ, ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿ ನೋಡಿದರು. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಒಂದು ಮಿತಿಗಿಂತ 15ರಿಂದ 35 ಪಟ್ಟು, ಇನ್ನೊಂದು 5ರಿಂದ 20 ಪಟ್ಟು ವಿಷ ಬಿಡುತ್ತಿತ್ತು. ಮೂರನೆಯದು ಬೇರೆ ಕಂಪನಿಯದು. ಅದು ಹೆಚ್ಚುಕಡಿಮೆ ಮಿತಿಯೊಳಗೇ ಇತ್ತು. ಅಂದ ಮೇಲೆ ಅಳೆಯುವ ಯಂತ್ರ ಕೆಟ್ಟಿದೆ ಎನ್ನುವ ಹಾಗಿಲ್ಲ! ನನಗೆ ಬಹಳ ಹಿಡಿಸಿದ್ದು ಈ ಮೂರನೆಯ ಕಾರು.

2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರ ಇದನ್ನು ಬಹಿರಂಗ ಮಾಡಿತು. ಜಗತ್ತಿನಲ್ಲಿ ಇಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಭಾರತದಲ್ಲಿಯೂ ಅದೇ ಡಿಸೆಂಬರಿನಲ್ಲಿ 3,23,700 ಕಾರುಗಳನ್ನು ದುರಸ್ತಿಗೆ ವಾಪಸು ಕರೆಯುವುದಾಗಿ ಕಂಪನಿ ಹೇಳಿತು.

ನಮ್ಮ ಮಾವನ ಹತ್ರ ಹಳೇ ಡೀಸೆಲ್ ಜೀಪ್ ಐತಿ. “ಹೊಗಿನ ಕಾಣೂದಿಲ್ಲ, ಸರ್ಟಿಫಿಕೇಟ್ ಐತಿ, ನನ್ನ ಗಾಡಿ ಚೊಲೋ ಐತಿ” ಅಂತಾರ. ಆದರೆ ಹೊಗೆ ತಪಾಸಣೆ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಹೊಗೆ ಎಷ್ಟು ದಟ್ಟ ಎಂದು ಮಾತ್ರ ನೋಡುತ್ತಾರೆ. ಕಾಣದ ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಇದನ್ನು ಹೇಳಿದರೆ ಮಾವ, “ಹಂಗಾರ ಅಳಿಯಾಕ ಎಲ್ಲಿಗಿ ಹೋಗ್ಲಿ?” ಅಂದ್ರು. ಅದೂ ಖರೆ.

2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿಯೂ ಹೊಸ ಕಾರಿನ ಮಾದರಿಗಳನ್ನು ರಸ್ತೆಯ ಮೇಲೆ ಓಡಿಸಿ, ಅಂಥದೇ ಯಂತ್ರ ಕಟ್ಟಿ ಅಳೆಯಬೇಕೆಂಬ ನಿಯಮ ಬಂದಿದೆ. ಮಾವನ ಜೀಪ್ ಅದಕ್ಕಿಂತ ಹಳೆಯದು, ಅದಕ್ಕೆ ಈ ನಿಯಮ ಹತ್ತುವುದಿಲ್ಲ.